ಹನುಮವ್ವನ ಕೈಗುಣ

ಬಳ್ಳೊಳ್ಳಿ ಸುಲಿದು ಸುಲಿದು ರಾಜೇಶ್ವರಿ ಉಗುರಿನ ಬುಡ ಉರಿಯಾಕತ್ತಿತ್ತು. ಬಳ್ಳೊಳ್ಳಿ, ಅರಿಷಿಣ, ಬೇವಿನ ಎಲಿ, ಅಶ್ವಗಂಧದ ಬೇರು, ಎಲ್ಲಾ ಕುಟ್ಟಬೇಕು, ಸೋಸಬೇಕು, ಹೊಂಡದಾಗಿನ ಸೀಗಡಿ ಮೇವಿಗೆ ಕಲಸಬೇಕು. ನಲವತ್ತು ದಿನದಿಂದ ಇದ ಬಾಳೇವು. ತನಗ ನೆಗಡಿ ಬಂದ್ರ ಒಂದು ವಾಟಗಾ ಕಷಾಯ ಕಾಸಿಕೊಡೋರಿಲ್ಲ, ಸೀಗಡಿಗೆ ನೋಡ್ರಿ, ದಿನಾ ಔಷಧ.

ಅಷ್ಟು ಮಾಡಿದ್ರೂ ಸೀಗಡಿ ಸಾಯಾಕತ್ತಿದ್ವು. ನಿನ್ನಿ ಒಂಬತ್ತು ತೇಲಿದ್ವು, ಇವತ್ತ ಹದಿನಾಲ್ಕು. ಹವಾ ಬದಲಾಗಿ ಹೊಂಡಕ್ಕ ರೋಗ ಬಿದ್ದಿತ್ತು. ಅದನ್ನ ತಡಕೊಳ್ಳೋ ಶಕ್ತಿ ಬರಲಿ ಅಂತನ ಔಷಧ ಶುರು ಮಾಡಿದ್ದು. ಆದ್ರ ಪೊರಿ ಬಿಟ್ಟ ಸೀಗಡಿಯ ಚಿಪ್ಪು ಗಟ್ಟಿ ಆಗವಲ್ದು, ಮುಟ್ಟಿದ್ರ ನೆನೆಸಿದ ಅವಲಕ್ಕಿ ಹಂಗ ಮೆತ್ತಗ. ಔಷಧ ಯಾಕ ಹತ್ತವಲ್ದು ಅನ್ನೋದು ಇಡೀ ಶಿರಗುಪ್ಪಿಯೊಳಗ ರಾಜೇಶ್ವರಿ ಒಬ್ಬಾಕಿಗೇ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಟ್ಟಿರಲಿಲ್ಲ.

ಅವರದು ಲಿಂಗವಂತರ ಮನಿ. ತತ್ತಿ ಸೈತ ಹೊಸ್ತಿಲ ದಾಟಿದ್ದಿಲ್ಲ. ಹೊಂಡ ಇವರ ಹೊಲದಾಗಿತ್ತು, ಸೀಗಡಿ ಸಾಕೋ ವಿದ್ಯಾ ಹನುಮವ್ವಗ ಗೊತ್ತಿತ್ತು. ಅಕಿ ನಾಲ್ಕು ವರ್ಷ ಕುಮಟಾ ಕಡೆ ಸೀಗಡಿ ಹೊಂಡದಾಗ ಕೂಲಿ ಮಾಡಿ ಬಂದಾಕಿ. ಮಹಿಳಾ ಸಂಘದಾಗ ಕೂತು ಇಬ್ಬರೂ ಪಾಲಿಗೆ ಮಾಡೋಣು ಅಂದ್ರು. ಅತ್ತಿ ಶಿವಲಿಂಗವ್ವ ಹಣಿಗೆ ವಿಭೂತಿ ಹಚ್ಕೋತ ಒಂದ ಮಾತು ಅಂದಿದ್ಳು: "ಹೊಂಡದಾಗ ಏನರ ಸಾಕ್ಕೋರಿ. ಮನಿ ಒಳಗ ಮಾತ್ರ ತರಬ್ಯಾಡ್ರಿ."

ಹೊಂಡಕ್ಕ ಸೀಗಡಿ ಮರಿ ಬಿಟ್ಟಾಕಿ ಹನುಮವ್ವ. ಅಕಿ ಕೈಗುಣ ಅಂದ್ರ ಊರಿಗೇ ಗೊತ್ತು. ಮೊದಲ ಬದನಿ ಸಸಿ ಹಚ್ಚಾಕ ಅಕಿನ್ನ ಕರಿ, ಎಮ್ಮಿ ಈಯೂ ಹೊತ್ತಿಗೆ ಅಕಿನ್ನ ಕರಿ, ಕೂಸಿಗೆ ಮೊದಲನೇ ಎಣ್ಣಿ ಹಚ್ಚಾಕ ಅಕಿನ್ನ ಕರಿ. ಮುಟ್ಟಿದ್ದು ಬದುಕತೈತಿ ಅಂತಿದ್ರು. ಹನುಮವ್ವಗ ಹೊಲ ಇಲ್ಲ, ಗಂಡ ಇಲ್ಲ. ಇದ್ದದ್ದು ಅದೊಂದು ಹೆಸರು.

ಔಷಧ ಕಲಸೂದನ್ನ ಹೇಳಿಕೊಟ್ಟಾಕಿ ಸಂಘಕ್ಕ ತರಬೇತಿ ಕೊಡಾಕ ಬಂದಿದ್ದ ಸುಲಭಾ ಮೇಡಂ. "ಕುಟ್ಟಿದ್ದನ್ನ ತತ್ತಿ ಬಿಳಿ ಲೋಳ್ಯಾಗ ಕಲಸಿ ಮೇವಿಗೆ ಹಚ್ರಿ, ನೆಳ್ಳಾಗ ಒಣಗಿಸ್ರಿ. ಅಂದ್ರ ಗಟ್ಟಿ ಹಿಡಕೋತೈತಿ. ಇಲ್ಲಾಂದ್ರ ನೀರಿಗೆ ಬಿದ್ದ ಕೂಡ್ಲೇ ತೊಳದು ಹೋಗತೈತಿ" ಅಂದಿದ್ಳು. ರಾಜೇಶ್ವರಿ ಗೋಣು ಹಾಕಿ ಬಂದ್ಳು, ಮನಿಗೆ ಬಂದು ಅನ್ನದ ಗಂಜ್ಯಾಗ ಕಲಸಿದ್ಳು. ಅಂಟು ಅಂದ್ರ ಅಂಟು, ಗಂಜಿ ಅಂಟಲ್ಲೇನು ಅಂತ ತನಗ ತಾನ ಸಮಾಧಾನ. ಮೊದಲನೇ ದಿನಾನ ಮೇವು ಬಿದ್ದಲ್ಲಿ ನೀರು ಹಳದಿ ಆತು. ನೋಡಿದ್ಳು, ಮುಖ ತಿರುವಿದ್ಳು. ಹೊಳ್ಯಾಗ ಹುಣಸಿಹಣ್ಣು ತೊಳೆಯೂದು ಅಂತಾರಲ್ಲ, ನಲವತ್ತು ದಿನ ಅದನ್ನ ಮಾಡಿದ್ಳು.

ಮುಂಜಾನಿ ಮೇವು ಹಾಕೂದು ರಾಜೇಶ್ವರಿ, ಸಂಜಿಗೆ ನೀರು ನೋಡೂದು, ಬಲಿ ಬೀಸಿ ಸೀಗಡಿ ನೋಡೂದು ಹನುಮವ್ವ. ಒಮ್ಮೆ ಹನುಮವ್ವ ಕೇಳಿದ್ಳು, "ತತ್ತಿ ಹಾಕ್ತೀರಿಲ್ರಿ ಅಕ್ಕಾರ?"

"ಹಾಕ್ತೇನಿ" ಅಂದ್ಳು ರಾಜೇಶ್ವರಿ.

ಯಾಕ ಹಂಗಂದ್ಳು? ಹನುಮವ್ವನ ಮನ್ಯಾಗ ಆರು ಕೋಳಿ. ನೀವು ಉಣ್ಣೂದನ್ನ ನಮ್ಮ ಕಡಿಂದ ಮುಟ್ಟಾಕೂ ಆಗೂದಿಲ್ಲ ಅಂತ ಅಕಿ ಮುಖಕ್ಕ ಹೆಂಗ ಹೇಳೂದು? ಅಕಿ ಮನಸ್ಸು ನೋಯಿಸಬಾರದು ಅಂತ ಸುಳ್ಳು ಹೇಳಿದ್ಳಂತ. ಛಲೋ ಮರ್ಯಾದಿ ಬಿಡ್ರಿ.

ಸೀಗಡಿ ಸಾಯಾಕ ಹತ್ತಿದ ಮ್ಯಾಲ ಶಿವಲಿಂಗವ್ವ ಕಟ್ಟಿ ಮ್ಯಾಲ ಕೂತು, "ಮರಿ ಬಿಟ್ಟ ಕೈ ಸರಿ ಇರಲಿಲ್ಲೇನೋ" ಅಂದ್ಳು. ರಾಜೇಶ್ವರಿ ಕಿವಿಗೆ ಬಿತ್ತು, ಅಕ್ಕಿ ಆರಿಸ್ಕೋತ ಕೂತ್ಳು. ಮಾತಿಗೇನು, ಕಾಲು ಬೇಕೇನು? ಮೂರು ದಿನಕ್ಕ ಊರೆಲ್ಲಾ ಹನುಮವ್ವನ ಕೈಗುಣ ಹೋತಂತ ಅನ್ನಾಕ ಹತ್ತಿತು.

ಇವತ್ತ ರಾಜೇಶ್ವರಿ ಸತ್ತ ಸೀಗಡಿ ಬುಟ್ಟಿಗೆ ತುಂಬಾಕತ್ತಾಗ ಹನುಮವ್ವ ಬಂದ್ಳು. ಬದುವಿನ ಆಚಿಗೇ ನಿಂತ್ಳು, ನೀರಿನ ಹತ್ತಿರ ಬರಲಿಲ್ಲ.

"ಅಕ್ಕಾರ, ನಾ ಇದನ್ನ ಬಿಡತೇನ್ರಿ. ಬ್ಯಾರೆದವರನ್ನ ನೋಡ್ಕೋರಿ. ನಿನ್ನಿ ನಮ್ಮ ಓಣಿ ಕಾಳವ್ವ ಮೆಣಸಿನ ಸಸಿ ಹಚ್ಚಾಕ ನನ್ನ ಕರೀಲಿಲ್ಲ. ಅಕಿದೇನು ತಪ್ಪಿಲ್ಲ ಬಿಡ್ರಿ. ನನ್ನ ಕೈ ಕೆಟ್ಟೈತಿ."

ರಾಜೇಶ್ವರಿಗೆ ಸಾಕಾಗಿ ಹೋಗಿತ್ತು. ಕುಟ್ಟೂದೂ ಸಾಕಾಗಿತ್ತು, ಮುಚ್ಚಿಡೂದೂ ಸಾಕಾಗಿತ್ತು. ಬುಟ್ಟಿ ಕೆಳಗಿಟ್ಟು ಬದುವಿನ ಮ್ಯಾಲ ಕೂತ್ಳು.

"ನಿನ್ನ ಕೈ ಕೆಟ್ಟಿಲ್ಲ ಹನುಮವ್ವಾ. ನಾ ತತ್ತಿ ಹಾಕೇ ಇಲ್ಲ. ಒಂದು ದಿನಾನೂ ಹಾಕಿಲ್ಲ. ಗಂಜ್ಯಾಗ ಕಲಸೇನಿ. ಔಷಧೆಲ್ಲಾ ನೀರಾಗ ಹೋಗೇತಿ, ಸೀಗಡಿ ಹೊಟ್ಟಿಗೆ ಹೋಗಿಲ್ಲ. ನಿನ್ನ ಮುಂದ ಸುಳ್ಳು ಹೇಳಿದೆ."

ಹನುಮವ್ವ ಬಯ್ಯತಾಳ ಅಂತ ರಾಜೇಶ್ವರಿ ಕಾದ್ಳು. ಬೈದಿದ್ರ ಛಲೋ ಇತ್ತು. ಅಕಿ ಬೈಲಿಲ್ಲ.

"ಒಂದು ಮಾತು ಹೇಳಿದ್ರ ನಾನ ನಮ್ಮ ಮನ್ಯಾಗ ಕಲಸಿ ತರತಿದ್ನೆಲ್ರಿ" ಅಂದ್ಳು.

"ಅತ್ತಿ ಮುಂದ, ಕಾಳವ್ವನ ಮುಂದ, ಸಂಘದಾಗ, ಎಲ್ಲಾ ಕಡೆ ನಾನ ಹೇಳತೇನಿ" ಅಂದ್ಳು ರಾಜೇಶ್ವರಿ.

ಹನುಮವ್ವ ತನ್ನ ಎರಡೂ ಅಂಗೈ ತಿರುವಿ ನೋಡ್ಕೊಂಡ್ಳು.

"ಬೈರಿದೇವರಕೊಪ್ಪದಾಗ ನನ್ನ ಮಗಳು ಹಡದು ಎಂಟು ದಿನ ಆತ್ರಿ. ಯಾರಿಗೂ ಹೇಳಿಲ್ಲ. ಹೋಗಿ ನೋಡಿ ಬಂದೆ. ತಗೋ ಬೇ ಅಂತ ಮಗಳು ಕೂಸಿನ್ನ ನನ್ನ ಕೈಯಾಗ ಕೊಡಾಕ ಬಂದ್ಳು. ನಾ ಕೈ ಹಿಂದ ಕಟ್ಕೊಂಡು ನಿಂತೆ."

ಸೆರಗು ಸರಿ ಮಾಡ್ಕೊಂಡು, ಬೈರಿದೇವರಕೊಪ್ಪದ ಹತ್ತು ಗಂಟೆ ಬಸ್ಸು ಸಿಗಬೇಕು ಅಂತ ರಸ್ತೆ ಕಡೆ ಲಗೂ ಲಗೂ ಹೊಂಟ್ಳು. ಕೂಸು ಗಂಡೋ ಹೆಣ್ಣೋ ಅಂತ ರಾಜೇಶ್ವರಿ ಕೇಳೂದ್ರಾಗ ಅಕಿ ರಸ್ತೆ ಮುಟ್ಟಿದ್ಳು.