ಹಿಂದಿನ ಫ್ಯಾನ್

ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಗಾಳಿ ಹೇಗೆ ಓಡಾಡಬೇಕು ಎಂಬುದು ಹಳಿಯಾಳದಂಥ ಊರು ಹಗುರವಾಗಿ ತೀರ್ಮಾನಿಸಬಹುದಾದ ವಿಷಯವಲ್ಲ. ಎರಡು ಸಾವಿರದ ಐದನೆಯ ಇಸವಿಯ ಏಪ್ರಿಲ್‌ನಲ್ಲಿ ಆ ಹೊಣೆ ಶೌಕತ ಮೇಸ್ತ್ರಿಯ ಹೆಗಲೇರಿತ್ತು. ಅವನು ಮನೆಯ ಒಳಕೋಣೆಯಲ್ಲಿ ಮೊಣಕಾಲೂರಿ, ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿ, ಬಾಯಲ್ಲಿ ಬೀಡಿ ಕಚ್ಚಿಕೊಂಡು ಒಳಗೆ ಇಣುಕುತ್ತಿದ್ದ. ಮಗಳು ಮುಸ್ಕಾನ ಬ್ಯಾಟರಿ ಹಿಡಿದು ನಿಂತಿದ್ದಳು.

"ಏನಿಲ್ಲ ಬೇಟಿ. ಗಾಡಿ ಬಾಯ್ಲ್ ಹೊಡ್ಯಾಕತ್ತೈತಿ, ಅಷ್ಟ. ಇಂಥಾವು ನಾ ಎಷ್ಟ ನೋಡೀನಿ."

"ಅಬ್ಬಾ, ಇದು ಗಾಡಿ ಅಲ್ಲ," ಎಂದು ಮಗಳು ಅಪ್ಪನನ್ನು ತಿದ್ದಿದಳು.

"ಬಿಸಿ ಆಗ್ತೈತಿಲ್ಲೋ? ಬಿಸಿ ಆಗೂದೆಲ್ಲಾ ಗಾಡೀನ."

ಶೌಕತ ಲಾರಿ ರೇಡಿಯೇಟರುಗಳ ಮೇಸ್ತ್ರಿ. ಕಬ್ಬು ಹೇರಿಕೊಂಡ ಲಾರಿ ಏರಿನಲ್ಲಿ ಕುದ್ದು ಆವಿ ಬಿಟ್ಟರೆ ಡ್ರೈವರ್ ಮೊದಲು ದೇವರನ್ನು, ಆಮೇಲೆ ಶೌಕತನನ್ನು ನೆನೆಯುತ್ತಿದ್ದ. ಮನೆಯಲ್ಲಿ ಉರ್ದು, ಗಿರಾಕಿಗಳೆದುರು ಕನ್ನಡ, ಸಿಟ್ಟು ಬಂದಾಗ ಎರಡೂ ಸಾಲದೆ ಮರಾಠಿ; ಮಗಳೊಡನೆ ಮಾತ್ರ ಅವನದು ಮೂರರ ಪಾಕ. ಗ್ಯಾರೇಜು ಮನೆಯ ಮುಂದೆಯೇ. ಒಳಕೋಣೆಯ ಒಂದೇ ಕಿಟಕಿ ಗ್ಯಾರೇಜಿನತ್ತ ತೆರೆಯುತ್ತಿತ್ತು. ಮುಸ್ಕಾನ ಹತ್ತನೆಯ ಇಯತ್ತೆ ಮುಗಿಸಿದ ವರ್ಷ ಬೆಸುಗೆಯ ಆ್ಯಸಿಡ್ ಹೊಗೆ ಒಳಗೆ ಬರುತ್ತದೆಂದು ಅದಕ್ಕೆ ತಗಡು ಹೊಡೆಸಲಾಯಿತು. ಅದಕ್ಕೂ ಮುಂಚಿನ ವರ್ಷಗಳಲ್ಲಿ ಆ ಹೊಗೆ ಎತ್ತ ಹೋಗುತ್ತಿತ್ತೆಂದು ಯಾರೂ ಕೇಳಲಿಲ್ಲ.

ಆ ಕೋಣೆಯಲ್ಲೇ ಮುಸ್ಕಾನ ಮದುವೆಯ ಕಾರ್ಡು, ತಹಶೀಲ್ದಾರರಿಗೆ ಅರ್ಜಿ, ನಾಟಕದ ಕರಪತ್ರಗಳನ್ನೆಲ್ಲ ಟೈಪು ಮಾಡುತ್ತಿದ್ದಳು. ಗಿರಾಕಿ ಕಾಗದವನ್ನು ಗ್ಯಾರೇಜಿನಲ್ಲಿ ಶೌಕತನ ಕೈಗೆ ಕೊಟ್ಟರೆ, ಅದು ಹೆಬ್ಬೆಟ್ಟಿನಷ್ಟು ಗ್ರೀಸು ಹಚ್ಚಿಕೊಂಡು ಒಳಗೆ ಬರುತ್ತಿತ್ತು. ಟೈಪಾದದ್ದು ಇನ್ನೊಂದು ಹೆಬ್ಬೆಟ್ಟು ಹಚ್ಚಿಕೊಂಡು ಹೊರಗೆ ಹೋಗುತ್ತಿತ್ತು. ಊರೆಲ್ಲ ಅವಳ ಅಕ್ಷರ ಓದಿತ್ತು. ಅವಳು ಊರನ್ನು ಕಾಗದದಲ್ಲಿ ಓದಿದ್ದಳು.

ಆ ಬೇಸಿಗೆ ಏರಿದ ಮೇಲೆ ಕಂಪ್ಯೂಟರು ಮಧ್ಯಾಹ್ನವಾದರೆ ತನ್ನಷ್ಟಕ್ಕೇ ಆರಿಹೋಗತೊಡಗಿತು. ಕರೆಂಟಿನ ತಪ್ಪಲ್ಲ. ಪಕ್ಕದ ಸೂಪಾ ಅಣೆಕಟ್ಟಿನಲ್ಲಿ ಹುಟ್ಟುವ ಕರೆಂಟು ಹಳಿಯಾಳಕ್ಕೆ ಬರುವಷ್ಟರಲ್ಲಿ ದಣಿದಿರುತ್ತದಾದರೂ ಆ ತಿಂಗಳು ಸರಿಯಾಗಿಯೇ ಇತ್ತು. ಆಗ ಬಸ್‌ಸ್ಟ್ಯಾಂಡಿನೆದುರು ಝೆರಾಕ್ಸ್ ಅಂಗಡಿ ಇಟ್ಟ ಮಹಾದೇವಕ್ಕ ಬಂದಳು.

"ಮೇಸ್ತ್ರಿ, ಕೋಣಿ ನೋಡ್ರಿ, ಬೆಲ್ಲದ ಆಲೆಮನಿ ಆಗೇತಿ. ಹುಡುಗಿನೂ ಪೆಟ್ಟಿಗಿನೂ ನನ್ನ ಅಂಗಡಿಗೆ ಕಳಸ್ರಿ. ಕಿಟಕಿ ಮುಂದ ಟೇಬಲ್ ಹಾಕ್ತೇನಿ. ಗಾಳಿ ಬೆಳಕು ಭರಪೂರ ಐತಿ. ನಾ ಹೆಣಮಗಳ ಇರತೇನಲ್ಲ ಜೋಡಿ?"

ಗ್ಯಾರೇಜಿನಲ್ಲಿ ನಾಲ್ಕು ಜನ ಡ್ರೈವರುಗಳು ಕೇಳುತ್ತ ಕೂತಿದ್ದರು. ಶೌಕತನಿಗೆ ಬೇಡ ಎನ್ನಲು ಕಾರಣ ಬೇಕಿತ್ತು, ಸಿಕ್ಕಿದ್ದು ಅಭಿಮಾನ.

"ಕುದಿಯೂ ಗಾಡಿನ ತಣ್ಣಗ ಮಾಡಾಕ ಬರೂದಿಲ್ಲಂದ್ರ ನಾ ಎದರ ಮೇಸ್ತ್ರಿ? ಬರೂ ಸೋಮವಾರದೊಳಗ ಇದು ಇಲ್ಲೇ ತಣ್ಣಗ ಆಗಲಿಲ್ಲೋ, ಪೆಟ್ಟಿಗಿ ನಿಮ್ಮದು, ಕಿಟಕಿ ನಿಮ್ಮದು. ಹುಡುಗಿನೂ ಕಳಸ್ತೇನಿ."

ಮುಸ್ಕಾನ ಬಾಗಿಲ ಹಿಂದೆ ನಿಂತು ಇದನ್ನು ಕೇಳಿಸಿಕೊಂಡಳು. ಮಹಾದೇವಕ್ಕ ಹೊರಡುವಾಗ ಅವಳನ್ನು ಹಿತ್ತಲ ಕಡೆ ಕರೆದು, ಟೇಬಲ್ ಕಿಟಕಿಯ ಎಡಕ್ಕೋ ಬಲಕ್ಕೋ, ಕೂತರೆ ಬಸ್ಸಿನ ಬೋರ್ಡು ಕಾಣುತ್ತದೆಯೋ ಎಂದು ಕೇಳಿದಳು. "ದಾಂಡೇಲಿ ಬಸ್ಸಿಂದು ಕಾಣ್ತೈತಿ. ಜೋಯಿಡಾದ್ದು ಕಂಬದ ಮರಿಗೆ ನಿಂದರ್ತೈತಿ," ಎಂದು ಮಹಾದೇವಕ್ಕ ಪ್ರಾಮಾಣಿಕವಾಗಿ ಹೇಳಿದಳು.

ಶೌಕತ ಹುಬ್ಬಳ್ಳಿಯಿಂದ ಫ್ಯಾನುಗಳನ್ನು ತರಿಸಿದ. ಮುಂದೊಂದು, ಪಕ್ಕಕ್ಕೊಂದು, ಹಿಂದೊಂದು. ಮೂರೂ ಒಳಮುಖವಾಗಿ. ಜೀವಮಾನವಿಡೀ ಅವನು ಲಾರಿಯ ಮೂತಿಯಿಂದ ಗಾಳಿ ಒಳಗೆಳೆದವನು. ಹೊಕ್ಕ ಗಾಳಿ ಎತ್ತ ಹೋಗುತ್ತದೆಂದು ಅವನು ಎಂದೂ ಯೋಚಿಸಿರಲಿಲ್ಲ, ಏಕೆಂದರೆ ಲಾರಿಯ ಎಂಜಿನ್ನಿಗೆ ಕೆಳಗಡೆ ಎಲ್ಲಾ ಬಯಲು. ಹಾಗಾಗಿ ಈ ಪೆಟ್ಟಿಗೆಗೆ ಅಡಿಯಲ್ಲೂ ತಗಡಿದೆ ಎಂಬುದು ಅವನ ಲೆಕ್ಕಕ್ಕೆ ಬರಲಿಲ್ಲ.

ತಗಡು ಮುಚ್ಚಿ ಬೀಡಿಯ ಹೊಗೆಯನ್ನು ಮುಂದಿನ ಫ್ಯಾನಿಗೆ ಊದಿದ. ಸರ್ರನೆ ಒಳಗೆ ಹೋಯಿತು. "ನೋಡಿದ್ಯಾ!" ಎಂದು ಎದ್ದು ಹೋದ. ಮುಸ್ಕಾನ ಅಲ್ಲೇ ಕೂತು ನೋಡಿದಳು. ಹೊಗೆ ಹಿಂದಿನಿಂದ ಬರಲಿಲ್ಲ. ಎಲ್ಲಿ ಹೋಗಬೇಕೆಂದು ತಿಳಿಯದೆ ಒಳಗೇ ಸುತ್ತಿ, ಬಹಳ ಹೊತ್ತಿನ ಮೇಲೆ ಸಂದುಗಳಿಂದ ನಾಚುತ್ತ ಇಣುಕಿತು. ಏನಾಗಿದೆಯೆಂದು ಅವಳಿಗೆ ಅರ್ಥವಾಯಿತು. ಅವಳು ಬಾಯಿ ಬಿಡಲಿಲ್ಲ.

ಮಧ್ಯಾಹ್ನ ಕಂಪ್ಯೂಟರು ಆರಿತು.

ಶೌಕತ ಹಟಕ್ಕೆ ಬಿದ್ದ. ಮಾರುತಿ ವ್ಯಾನಿನ ಹೀಟರಿನ ಪುಟ್ಟ ರೇಡಿಯೇಟರನ್ನು ಪೆಟ್ಟಿಗೆಯ ಮೂತಿಗೆ ಕೂರಿಸಿದ. ಬೆಂಕಿಪೊಟ್ಟಣದಷ್ಟು ತಾಮ್ರದ ಡಬ್ಬಿ ಬೆಸೆದು ಒಳಗೆ ಬಿಸಿಯಾಗುವ ಪ್ರೊಸೆಸರ್ ಚಿಪ್‌ನ ಮೇಲಿಟ್ಟ. ಏರ್‌ಕೂಲರಿನ ಪಂಪಿನಿಂದ ಎರಡರೊಳಗೂ ನೀರು ಹರಿಸಿದ.

"ಅಬ್ಬಾ, ಕರೆಂಟಿನ ಪೆಟ್ಟಿಗ್ಯಾಗ ನೀರು..."

"ಒಂದ್ ಹನಿ ಸೋರಿದ್ರ ಶೌಕತ ಅಂತ ಕರೀಬ್ಯಾಡ."

ಒಂದು ಹನಿಯೂ ಸೋರಲಿಲ್ಲ. ಅಂಥ ಬೆಸುಗೆ ಆ ಸೀಮೆಯಲ್ಲಿ ಇನ್ನೊಬ್ಬನಿಗೆ ಸಾಧ್ಯವಿರಲಿಲ್ಲ. ಆದರೆ ರೇಡಿಯೇಟರು ತೆಗೆದ ಬಿಸಿಯನ್ನು ಮುಂದಿನ ಫ್ಯಾನು ಮತ್ತೆ ಪೆಟ್ಟಿಗೆಯೊಳಕ್ಕೇ ತಳ್ಳುತ್ತಿತ್ತು, ಮತ್ತು ಅದಕ್ಕೆ ಹೊರಗೆ ಹೋಗಲು ದಾರಿ ಇರಲಿಲ್ಲ.

ಭಾನುವಾರ ಶಂಕ್ರಪ್ಪನೆಂಬ ಕಬ್ಬಿನ ಲಾರಿಯ ಡ್ರೈವರು ತಮಾಷೆ ನೋಡಲೆಂದೇ ಬಂದು ಒಳಕೋಣೆಯ ಹೊಸ್ತಿಲಲ್ಲಿ ನಿಂತ. ಮುಸ್ಕಾನ ಓಡಣಿ ಎಳೆದುಕೊಂಡು ಮೂಲೆಗೆ ಸರಿದಳು. ಎಲ್ಲರ ಕಣ್ಣೆದುರೇ ಪರದೆ ಕಪ್ಪಾಯಿತು.

"ಅಲ್ರೀ ಮೇಸ್ತ್ರಿ," ಎಂದ ಶಂಕ್ರಪ್ಪ, "ಮೊಣಕಾಲೆತ್ತರದ ಪೆಟ್ಟಿಗಿಗೆ ಸೋತ್ರಿ! ನನ್ನ ಲಾರಿ ಇನ್ನ ಮುಂದ ನಿಮ್ಮ ಕೈಯಾಗ ಕೊಡೂದೋ, ಆ ಮಹಾದೇವಕ್ಕನ ಕೈಯಾಗ ಕೊಡೂದೋ?"

ಮೂರು ಭಾಷೆಗಳಲ್ಲಿ ಜವಾಬು ಇಟ್ಟುಕೊಂಡವನು ಶೌಕತ. ಈಗ ಅವನು ಸ್ವಚ್ಛವಾಗಿದ್ದ ಸ್ಪ್ಯಾನರನ್ನು ಲುಂಗಿಯಿಂದ ಒರೆಸಿದ, ಮತ್ತೆ ಒರೆಸಿದ. ಶಂಕ್ರಪ್ಪ ನಗುತ್ತಲೇ ಇದ್ದ.

ಮುಸ್ಕಾನ ತಗಡು ಹೊಡೆದ ಕಿಟಕಿಯತ್ತ ಒಮ್ಮೆ ನೋಡಿದಳು.

"ಅಬ್ಬಾ," ಎಂದಳು ಮೂಲೆಯಿಂದಲೇ, "ನೀ ನಿನ್ನೆನ ಅಂದಿದ್ಯಲ್ಲ, ಹಿಂದಿನ ಫ್ಯಾನ್ ತಿರುಗಿಸಿ ಕೂಡಸ್ತೇನಿ ಅಂತ? ಗಾಳಿ ಹೊರಗ ಹೊಂಡಲಿ ಅಂತ? ಮರ್ತಿ ನೋಡು."

ಅವನು ಹಾಗೆಂದಿರಲಿಲ್ಲ. ಮಗಳ ಮುಖವನ್ನೇ ಒಂದು ಗಳಿಗೆ ನೋಡಿದ. ಆಮೇಲೆ "ಹಾಂ, ಹೌದು, ಅದ," ಎಂದು ನಾಲ್ಕು ಸ್ಕ್ರೂ ಬಿಚ್ಚಿದ.

ಫ್ಯಾನು ತಿರುವಿ ಕೂರಿಸಿ ಬೀಡಿ ಹಚ್ಚಿದ. ಹೊಗೆ ಮುಂದಿನಿಂದ ಹೊಕ್ಕು, ಹಿಂದಿನಿಂದ ನೆಟ್ಟಗೆ ಹೊರಬಂದು, ಕಿಟಕಿಯ ತಗಡಿಗೆ ಬಡಿದು, ಕೋಣೆಯ ತುಂಬ ಹರಡಿತು. ಮುಸ್ಕಾನ ಕೆಮ್ಮಿದಳು. ಸಂಜೆಯವರೆಗೂ ಪರದೆ ಬೆಳಗುತ್ತಿತ್ತು. ಶಂಕ್ರಪ್ಪ ಚಹಾ ಕುಡಿಸಿ ಹೋದ.

ಸೋಮವಾರ ಮಹಾದೇವಕ್ಕ ಬಂದಳು. "ಏನಾತವ್ವಾ?"

"ತಣ್ಣಗಾತ್ರಿ."

"ಅಯ್ಯ." ಮಹಾದೇವಕ್ಕ ಚಪ್ಪಲಿ ಮೆಟ್ಟಿದಳು. "ಹಂಗಾರ ಕಿಟಕಿ ಮುಂದ ಥಂಡಾ ಬಾಟ್ಲಿ ಫ್ರಿಜ್ ಇಡ್ತೇನಿ ತಗೋ."

ಗ್ಯಾರೇಜಿನಲ್ಲಿ ಶೌಕತ ಹಿಂದಿನ ಫ್ಯಾನಿನ ತತ್ತ್ವವನ್ನು ಡ್ರೈವರುಗಳಿಗೆ ವಿವರಿಸುತ್ತಿದ್ದ. ಒಳಗೆ ಪೆಟ್ಟಿಗೆಯ ಬಿಸಿಯೆಲ್ಲ ಈಗ ಕೋಣೆಗೆ ಬರುತ್ತಿತ್ತು. ಮುಸ್ಕಾನ ಓಡಣಿಯ ಸೆರಗಿನಿಂದ ಕತ್ತು ಒರೆಸಿಕೊಂಡು, ಯಾರದೋ ಮದುವೆಯ ಕಾರ್ಡು ಟೈಪು ಮಾಡತೊಡಗಿದಳು.

ಆ ಬೇಸಿಗೆ ಮುಗಿಯುವವರೆಗೆ ಕಂಪ್ಯೂಟರು ಮತ್ತೆ ಆರಲಿಲ್ಲ.