ಸೀಗಲ್ ಚಾನೆಲ್ಲಿನ ದೋಣಿಯಜ್ಜ

ಅಮೆರಿಕಕ್ಕೆ ಬಂದ ಹೊಸತರಲ್ಲಿ ಹಮೀದಾಳಿಗೆ ಹಿಡಿಸಿದ ಮೊದಲ ಮನುಷ್ಯನೆಂದರೆ ಬಾಯಿಯೇ ಬಿಡದ ಒಬ್ಬ ಮುದುಕ. ಅವನು ಟಿವಿಯೊಳಗಿದ್ದ.

ಆಗ ಅವಳೂ ವಾಹಿದನೂ ಡೆವನ್ ಅವೆನ್ಯೂ ಹಿಂದಿನ ಬೀದಿಯಲ್ಲಿ, ಹಳೆಯ ಇಟ್ಟಿಗೆ ಕಟ್ಟಡವೊಂದರಲ್ಲಿದ್ದರು. ಎದುರು ಬಾಗಿಲಿನಲ್ಲಿ ರಾಣೆಬೆನ್ನೂರಿನ ಸ್ವರೂಪ. ವಾಹಿದ್ ಟೈರ್ ಅಂಗಡಿಗೆ, ಸ್ವರೂಪಳ ಗಂಡ ಚಂದ್ರಶೇಖರ ಕಾಲೇಜಿಗೆ ಹೋದ ಮೇಲೆ ಇಬ್ಬರು ಹೆಂಗಸರೂ ಒಂದೇ ಮನೆಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಬಾಡಿಗೆಯ ಜೊತೆಗೇ ಕೇಬಲ್ ಇತ್ತು. ಯಾವ ಚಾನೆಲ್ ಹಾಕಿದರೂ ಜನ ಅರಳು ಹುರಿದಂತೆ ಇಂಗ್ಲಿಷ್ ಮಾತಾಡುತ್ತಿದ್ದರು. ಇಬ್ಬರಿಗೂ ಒಂದು ಕಾಳೂ ಕೈಗೆ ಸಿಗುತ್ತಿರಲಿಲ್ಲ.

ಒಂದು ಗುರುವಾರ ಸಂಜೆ ರಿಮೋಟಿನ ಮೇಲೆ ಸ್ವರೂಪಳ ಬೆರಳು ನಿಂತಿತು. ತೆರೆಯ ಮೇಲೆ ಮರದ ಶೆಡ್, ಅದರೊಳಗೆ ಅರ್ಧ ಕಟ್ಟಿದ ದೋಣಿ. ಆಗಲೇ ಗಡ್ಡ ಬೆಳ್ಳಗಾಗಿದ್ದ ಒಬ್ಬಾತ ಹಲಗೆಯ ಮೇಲೆ ಉಜ್ಜುಗೊರಡು ತಳ್ಳುತ್ತಿದ್ದ. ಹಲಗೆಯಿಂದ ಸುರುಳಿ ಸುರುಳಿಯಾಗಿ ಸಿಪ್ಪೆ ಏಳುತ್ತಿತ್ತು. ಅವನು ಮಾತಾಡಲಿಲ್ಲ. ಹಿನ್ನೆಲೆಯಲ್ಲೂ ಯಾರೂ ಮಾತಾಡಲಿಲ್ಲ.

"ಇವಗ ಬಾಯಿಲ್ಲೇನ?" ಎಂದಳು ಸ್ವರೂಪ.

"ಇರೋದೇ ಬೇಡ ಅಕ್ಕ. ಇದೇ ಇರ್ಲಿ," ಎಂದಳು ಹಮೀದಾ. ಅವಳ ಅಬ್ಬಾ ಚನ್ನಪಟ್ಟಣದಲ್ಲಿ ಮರದ ಬೊಂಬೆ ಕಡೆಯುತ್ತಿದ್ದವರು. ಕೆಲಸಕ್ಕೆ ಕೂತರೆ ಅವರೂ ಹೀಗೇ. ದೇಶ ಬಿಟ್ಟು ಬಂದ ಮೇಲೆ ಅವಳಿಗೆ ಪೂರ್ತಿ ಅರ್ಥವಾದ ಮೊದಲ ಕಾರ್ಯಕ್ರಮ ಅದು.

ಆ ಚಾನೆಲ್ಲಿನ ಹೆಸರು ಸೀಗಲ್, ಅಂದರೆ ಕಡಲಹಕ್ಕಿ; ಅದರ ಕಥೆಯೂ ಕೇಳುವಂಥದೇ. ಮಿಶಿಗನ್ ಸರೋವರದ ದಂಡೆಯ ಯಾವುದೋ ಊರಿನಲ್ಲಿ ಮೀನಿನ ಗಾಳ ಮಾರುತ್ತಿದ್ದ ಅಣ್ಣತಮ್ಮಂದಿರು ಅದನ್ನು ಶುರು ಮಾಡಿದ್ದರಂತೆ. ಚಾನೆಲ್ ತೆರೆದರು, ತೋರಿಸಲು ಏನೂ ಇರಲಿಲ್ಲ. ಬೆಳಿಗ್ಗೆ ಸರೋವರದ ಗಾಳಿ-ಅಲೆಯ ವರದಿ, ಮಧ್ಯಾಹ್ನ ಯಾರೋ ಹಿಡಿದ ಮೀನನ್ನು ತೂಗುವುದು, ಚಳಿಗಾಲ ಬಂದರೆ ಹಡಗೊಂದು ಮಂಜುಗಡ್ಡೆ ಒಡೆಯುತ್ತ ಹೋಗುವುದು, ಅದೂ ಗಂಟೆಗಟ್ಟಲೆ. ಸಂಜೆಗೆ ಏನಾದರೂ ಬೇಕಲ್ಲ ಎಂದು ಪಕ್ಕದ ಶೆಡ್ಡಿನಲ್ಲಿ ದೋಣಿ ಕಟ್ಟುತ್ತಿದ್ದ ಆರ್ವಿಡ್ ಎಂಬವನ ಮುಂದೆ ಕ್ಯಾಮೆರಾ ಇಟ್ಟರು. ಮಾತಾಡು ಎಂದರೆ ಒಪ್ಪಲಿಲ್ಲ. ಹಾಗಾದರೆ ಸುಮ್ಮನೆ ಕೆಲಸ ಮಾಡು ಎಂದರು. ಅದಕ್ಕೆ ಒಪ್ಪಿದ.

ಮುಂದೆ ದೊಡ್ಡ ಊರಿನ ಕಂಪನಿಯೊಂದು ಚಾನೆಲ್ ಕೊಂಡುಕೊಂಡಿತು. ಮೀನು ಹೋಗಿ ಹಳೆಯ ಕುದುರೆ-ಕೋವಿ ಸಿನಿಮಾಗಳು ಬಂದವು. ಅವು ಹೋಗಿ ಹಾಳುಬಿದ್ದ ಮನೆಗೆ ಬಣ್ಣ ಬಳಿದು ಮಾರುವವರು ಬಂದರು. ಆಮೇಲೆ ಬೀಗ ಹಾಕಿದ ಗೋದಾಮುಗಳ ಹರಾಜು. ಈಗ ಕೈಯಲ್ಲಿ ಮಿಣಿಮಿಣಿ ಯಂತ್ರ ಹಿಡಿದು ದೆವ್ವ ಹುಡುಕುವವರು. ತೆರೆಯ ಮೂಲೆಯ ಗುರುತಿನಲ್ಲಿದ್ದ ಇಡೀ ಕಡಲಹಕ್ಕಿ ಮೊದಲು ಬರಿಯ ರೆಕ್ಕೆಯಾಯಿತು, ಕೊನೆಗೆ ಬಾಗಿದ ಒಂದು ಗೆರೆಯಾಯಿತು. ಹೊಸದಾಗಿ ಬಂದ ಪ್ರತಿ ಮ್ಯಾನೇಜರನೂ ಆರ್ವಿಡ್‌ನನ್ನು ತೆಗೆಯಲು ನೋಡಿದ. ಪ್ರತಿ ಸಲವೂ ಎಲ್ಲೆಲ್ಲಿಂದಲೋ ವೃದ್ಧರು ಫೋನ್ ಮಾಡಿ ಮ್ಯಾನೇಜರನ ತಲೆ ಬಿಸಿ ಮಾಡಿದರು. ಹಾಗಾಗಿ ಹರಾಜಿಗೂ ದೆವ್ವಕ್ಕೂ ನಡುವೆ, ಗುರುವಾರದ ಆ ಒಂದು ಗಂಟೆ ಮಾತ್ರ, ಹಲಗೆಗೆ ಉಜ್ಜುಗೊರಡು ತಾಗುವ ಸದ್ದು ಉಳಿದುಕೊಂಡಿತು.

ಚಂದ್ರಶೇಖರನಿಗೆ ಡೆಟ್ರಾಯಿಟ್ ಕಡೆ ಕಾರ್ ಕಂಪನಿಯಲ್ಲಿ ಕೆಲಸ ಸಿಕ್ಕಿ ಸ್ವರೂಪ ವೆಸ್ಟ್ ಬ್ಲೂಮ್‌ಫೀಲ್ಡಿಗೆ ಹೋದಳು. ವಾಹಿದ್ ಸ್ವಂತ ಅಂಗಡಿ ಹಾಕಿ ಬೋಲಿಂಗ್‌ಬ್ರೂಕಿನಲ್ಲಿ ಮನೆ ಮಾಡಿದ. ಆದರೂ ಗುರುವಾರ ತಪ್ಪಲಿಲ್ಲ. ಹಮೀದಾಳ ಗಡಿಯಾರದಲ್ಲಿ ಏಳು, ಸ್ವರೂಪಳದರಲ್ಲಿ ಎಂಟು; ದೋಣಿ ಮಾತ್ರ ಒಂದೇ. ಫೋನ್ ಹಚ್ಚಿಟ್ಟುಕೊಂಡು ಇಬ್ಬರೂ ಸುಮ್ಮನೆ ನೋಡುವರು. ಜಾಹೀರಾತು ಬಂದಾಗ ಮಾತ್ರ ಮಾತು: ಮಕ್ಕಳ ಜ್ವರ, ಅತ್ತೆಯ ಕಾಟ, ರೊಟ್ಟಿ ಹಿಟ್ಟು ಸಿಗದ ಗೋಳು. ದೋಣಿ ವಾಪಸ್ ಬಂದೊಡನೆ ವಾಕ್ಯ ಅರ್ಧಕ್ಕೇ ನಿಲ್ಲುತ್ತಿತ್ತು.

ಮನೆಯಲ್ಲಿ ಉರ್ದು ಮಾತಾಡುವ ವಾಹಿದ್ ಹೆಂಡತಿಯನ್ನು ಚುಡಾಯಿಸುವಾಗ ಮಾತ್ರ ಕನ್ನಡಕ್ಕೆ ಬರುತ್ತಿದ್ದ. "ಏನ್ರೀ ಮೇಡಂ, ಫೋನ್ ಹಿಡ್ಕೊಂಡು ಮೌನವ್ರತಾನಾ? ನನ್ ಹತ್ರ ಮಾತ್ರ ಬಾಯಿ ನಿಲ್ಲೋದೇ ಇಲ್ಲ."

"ನೀವೂ ಒಂದು ದೋಣಿ ಕಟ್ಟಿ. ನಿಮ್ಮೆದುರಿಗೂ ಸುಮ್ನಿರ್ತೀನಿ."

ಹೋದ ವರ್ಷ ಚಂದ್ರಶೇಖರ ತೀರಿಕೊಂಡ. ಊಟ ಮುಗಿಸಿ ಎದ್ದವನು ಕೈ ತೊಳೆಯುವಲ್ಲಿಗೆ ತಲುಪಲಿಲ್ಲ. ಹಮೀದಾ ಹೋಗಿ ಸ್ವರೂಪಳ ಪಕ್ಕ ಕೂತು ಬಂದಳು. ಸ್ವರೂಪ ಅಳಲಿಲ್ಲ, ಮಾತೂ ಆಡಲಿಲ್ಲ. ಕೆಲವು ದಿನಗಳ ಮೇಲೆ ಸಿಯಾಟಲ್‌ನಿಂದ ಅವಳ ಮಗಳು ದಿಯಾ ಫೋನ್ ಮಾಡಿದಳು. "ಆಂಟಿ, ಅಮ್ಮ ಯಾರ ಫೋನೂ ಎತ್ತಲ್ಲ. ನಂದು ಎತ್ತಿದ್ರೂ 'ಹೂಂ' ಅಂದು ಇಟ್ಬಿಡ್ತಾಳೆ. ನಿಮ್ ಥರ್ಸ್‌ಡೇ ಒಂದೇ ಅವಳು ಮಿಸ್ ಮಾಡದೇ ಇರೋದು. ಪ್ಲೀಸ್, ಡೋಂಟ್ ಸ್ಟಾಪ್."

ನಿಲ್ಲಿಸುವ ಮಾತೆಲ್ಲಿಂದ ಬಂತು? ಆದರೆ ಅದೇ ತಿಂಗಳು ಹಮೀದಾಳ ಮಗ ಆಸಿಫ್ ಮನೆಯ ಕೇಬಲ್ ಕಿತ್ತುಹಾಕಿದ. "ಅಮ್ಮಿ, ನೋಬಡಿ ವಾಚಸ್ ಕೇಬಲ್ ಎನಿಮೋರ್. ಎಲ್ಲಾ ಇದ್ರಲ್ಲೇ ಬರತ್ತೆ," ಎಂದು ಸಣ್ಣ ಡಬ್ಬಿಯೊಂದನ್ನು ಟಿವಿಗೆ ಸಿಕ್ಕಿಸಿದ. ಎಲ್ಲವೂ ಬಂತು, ಸೀಗಲ್ ಒಂದನ್ನು ಬಿಟ್ಟು.

ಆ ಗುರುವಾರ ಏಳಕ್ಕೆ ಹಮೀದಾ ಕಪ್ಪು ಟಿವಿಯ ಮುಂದೆ ಕೂತು ಫೋನ್ ಹಚ್ಚಿದಳು. ವಿಷಯ ಹೇಳಬೇಕೆಂದೇ ಹಚ್ಚಿದ್ದು. ಆದರೆ ಸ್ವರೂಪ ಎಂಥವಳೆಂದು ಅವಳಿಗೆ ಗೊತ್ತಿತ್ತು. ಯಾರಿಂದಲೂ ಏನನ್ನೂ ಕೇಳುವವಳಲ್ಲ. 'ಹೌದಾ, ಹಂಗಾರ ನೀ ಯಾಕ ಸುಮ್ನ ಕುಂದರ್ತಿ, ಇರ್ಲಿ ಬಿಡು' ಎಂದು ಮೆಲ್ಲಗೆ ಫೋನ್ ಇಟ್ಟುಬಿಡುತ್ತಾಳೆ. ಮತ್ತೆ ಎತ್ತುವುದಿಲ್ಲ. ಹಮೀದಾ ಬಾಯಿ ತೆರೆಯುವಷ್ಟರಲ್ಲಿ ಆ ಕಡೆಯಿಂದ ಉಜ್ಜುಗೊರಡಿನ ಸದ್ದು ತೇಲಿ ಬಂತು. ಅವಳು ಬಾಯಿ ಮುಚ್ಚಿ ಕಣ್ಣನ್ನೂ ಮುಚ್ಚಿದಳು. ಉದ್ದ ಎಳೆತ, ನಡುವೆ ಒಂದು ತಡೆ: ಗಂಟು ಇರುವ ಹಲಗೆ. ಟಕ್ ಟಕ್: ತಾಮ್ರದ ಮೊಳೆ. ಮರದ ಸದ್ದು ಕೇಳಿ ಬೆಳೆದವಳಿಗೆ ಅಷ್ಟು ಸಾಕಾಯಿತು.

ಹಾಗೆಯೇ ತಿಂಗಳುಗಳು ಕಳೆದವು. ಕೇಬಲ್ ವಾಪಸ್ ಹಾಕಿಸಲೇ ಎಂದು ಆಸಿಫ್ ಒಮ್ಮೆ ಕೇಳಿದ, ಬೇಡ ಎಂದಳು. ಸದ್ದು ಕೇಳಿದರೇ ಹೆಚ್ಚು ಕಾಣುತ್ತದೆ ಎಂದು ಮಗನಿಗೆ ಹೇಗೆ ತಿಳಿಸುವುದು? ಈಚೆಗಂತೂ ಸ್ವರೂಪಳ ಕಡೆಯ ಸದ್ದು ತುಂಬ ಸ್ಪಷ್ಟವಾಗಿತ್ತು. ದಿಯಾ ಹೊಸ ಫೋನ್ ಕೊಡಿಸಿರಬೇಕು ಎಂದುಕೊಂಡಳು. ಜಾಹೀರಾತಿನಲ್ಲೂ ಈಗ ಸ್ವರೂಪ ಮಾತಾಡುತ್ತಿರಲಿಲ್ಲವಾದ್ದರಿಂದ ನೋಡುತ್ತಿರುವ ನಟನೆಗಾಗಿ ಹಮೀದಾಳೇ ಆಗಾಗ ಒಂದೊಂದು ಮಾತು ಹಾಕುತ್ತಿದ್ದಳು: "ಒಳ್ಳೇ ಹಲಗೆ ಅಕ್ಕ ಇದು." "ಹೂಂ," ಎನ್ನುತ್ತಿದ್ದಳು ಸ್ವರೂಪ. ಆ ಹೂಂ ಒಂದಕ್ಕಾಗಿ ಹಮೀದಾ ವಾರವಿಡೀ ಕಾಯುವಂತಾಗಿತ್ತು.

ಏಪ್ರಿಲ್ಲಿನ ಒಂದು ಗುರುವಾರ ಸದ್ದೇ ಬರಲಿಲ್ಲ. ಫೋನ್ ಕಡಿದಿರಲಿಲ್ಲ, ಸ್ವರೂಪಳ ಉಸಿರು ಕೇಳುತ್ತಿತ್ತು. ದೂರದಲ್ಲಿ ನೀರು ದಂಡೆಗೆ ತಾಗುವಂಥ ಒಂದು ಮೃದು ಸಪ್ಪಳ, ಅಷ್ಟೇ. ಜಾಹೀರಾತೂ ಬರಲಿಲ್ಲ. ಹಮೀದಾ ಯೋಚಿಸಿದಳು. ಸದ್ದಿಲ್ಲದ ಕೆಲಸವೆಂದರೆ ಒಂದೇ: ವಾರ್ನಿಶ್. ದೋಣಿ ಮುಗಿದಿರಬೇಕು, ಅಜ್ಜ ಕುಂಚ ಹಿಡಿದಿರಬೇಕು.

"ಎಷ್ಟು ನೀಟಾಗಿ ಬಳೀತಿದಾನೆ ನೋಡಿ ಅಕ್ಕ, ಕೈ ಸ್ವಲ್ಪಾನೂ ನಡುಗ್ತಿಲ್ಲ. ಈ ಮುದುಕನಿಗೆ ಇನ್ನೂ ನೂರು ವರ್ಷ ಆಯಸ್ಸಿದೆ!" ಎಂದು ನಕ್ಕಳು.

ಆ ಕಡೆ ಉಸಿರು ನಿಂತಿತು. ಹೂಂ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಫೋನ್ ಕಡಿಯಿತು.

ಹಮೀದಾ ಮತ್ತೆ ಹಚ್ಚಿದಳು, ಎತ್ತಲಿಲ್ಲ. ಮಗಳು ಆಯತ್‌ಳನ್ನು ಕರೆದು, ಸೀಗಲ್ ಚಾನೆಲ್ಲಿನಲ್ಲಿ ಈಗೇನು ಬಂತು ನೋಡು ಎಂದಳು. ಆಯತ್ ಫೋನಿನಲ್ಲಿ ಹುಡುಕಿ ಓದಿದಳು. ಅವಳ ಮುಖ ಇಳಿಯಿತು.

"ಅಮ್ಮಿ... ಹೀ ಡೈಡ್. ನಿಮ್ಮ ಬೋಟ್ ಅಜ್ಜ. ಈ ವಿಂಟರ್‌ನಲ್ಲಿ. ಇಷ್ಟು ದಿನ ಬಂದಿದ್ದೆಲ್ಲ ಮೊದಲೇ ಶೂಟ್ ಮಾಡಿಟ್ಟಿದ್ದಂತೆ. ಇವತ್ತು ಲಾಸ್ಟ್ ಎಪಿಸೋಡ್ ಅಂತೆ. ಬರೀ ಖಾಲಿ ಶೆಡ್ ತೋರಿಸಿದಾರೆ, ನೋ ಆ್ಯಡ್ಸ್."

ಹಮೀದಾ ಸೋಫಾದ ಅಂಚಿನಲ್ಲಿ ಕೂತಳು. ಖಾಲಿ ಶೆಡ್ ನೋಡುತ್ತಿದ್ದ, ಗಂಡ ಹೋದ ಒಬ್ಬ ಹೆಂಗಸಿನ ಕಿವಿಯಲ್ಲಿ ತಾನು ನಕ್ಕಿದ್ದಳು.

ಶುಕ್ರವಾರ ಹಚ್ಚಿದಳು, ಶನಿವಾರ ಹಚ್ಚಿದಳು. ಎತ್ತಲಿಲ್ಲ. ಅಮ್ಮ ಹೇಗಿದ್ದಾರೆಂದು ದಿಯಾಳನ್ನು ಕೇಳಿದರೆ, "ಎಂದಿನಂತೇ ಆಂಟಿ, ಹೂಂ ಅಂತಾಳೆ," ಎಂದಳು. ಅಂದರೆ ಆ ಹೂಂ ಈಗ ಹಮೀದಾಳಿಗೆ ಮಾತ್ರ ಇಲ್ಲ. ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದಳು. ವಾಹಿದ್ ತುತ್ತು ಬಾಯಿಗಿಟ್ಟು ಹೆಂಡತಿಯ ಮುಖ ನೋಡಿ, ಚುಡಾಯಿಸದೆ, ಮೊಸರು ಸುರಿದುಕೊಂಡು ಉಂಡ. ಕೈ ತೊಳೆದು ಬಂದು, "ಡ್ರೈವ್ ಮಾಡ್ಲಾ? ಐದು ತಾಸು. ಬೆಳಿಗ್ಗೆ ಹೊರಟ್ರೆ ಊಟಕ್ಕೆ ಅಲ್ಲಿರ್ತೀವಿ," ಎಂದ.

"ಬೇಡ. ಬಾಗಿಲಿಗೆ ಹೋದ್ರೆ ಅಕ್ಕ ಟೀ ಮಾಡಿಕೊಡ್ತಾರೆ. ಮಾತಾಡಲ್ಲ. ಅವರು ಎತ್ತಬೇಕು ಅನ್ಸಿದಾಗ ಎತ್ಲಿ."

ಗುರುವಾರ ಬಂತು. ಏಳರ ಹೊತ್ತಿಗೆ ಈಗ ಚಾನೆಲ್ಲಿನಲ್ಲಿ ದೆವ್ವ ಹುಡುಕುವವರು ಬಂದು ಕೂತಿರುತ್ತಾರೆ. ಫೋನ್ ಹಚ್ಚಲು ಇನ್ನು ಕಾರಣವೇ ಇಲ್ಲ. ಈ ಸಲವೂ ಎತ್ತದಿದ್ದರೆ ಮತ್ತೆಂದೂ ಎತ್ತುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಬೆರಳು ಹೆಸರಿನ ಮೇಲೆ ನಿಂತು, ಹಿಂದೆ ಸರಿದು, ಮತ್ತೆ ಒತ್ತಿತು.

ಮೊದಲ ರಿಂಗಿಗೇ ಸ್ವರೂಪ ಎತ್ತಿದಳು. ಇಬ್ಬರೂ ಮಾತಾಡಲಿಲ್ಲ. ಆ ಕಡೆ ಟಿವಿ ಸದ್ದಿಲ್ಲ, ಈ ಕಡೆಯೂ ಇಲ್ಲ. ಇಷ್ಟು ವರ್ಷ ಅವರು ಒಟ್ಟಿಗೆ ಕೂತ ಮೌನದಲ್ಲಿ ಕೈಗೊಂದು ಕೆಲಸವಿತ್ತು. ಈ ಮೌನ ಬರಿಗೈಯದು.

"ಅಕ್ಕ, ನಮ್ಮನೇಲಿ ಕೇಬಲ್ ಇಲ್ಲ," ಎಂದಳು ಹಮೀದಾ ಒಂದೇ ಉಸಿರಿಗೆ. "ಒಂದು ವರ್ಷ ಆಯ್ತು. ನಾನು ನೋಡ್ತಾ ಇರ್ಲಿಲ್ಲ. ಅವತ್ತೂ ನೋಡ್ಲಿಲ್ಲ. ಅದಕ್ಕೇ ಹಾಗೆ ಅಂದ್ಬಿಟ್ಟೆ..."

"ಗೊತ್ತೈತಿ."

"ಆಯತ್ ಹೇಳಿದ್ಲಾ?"

"ಆಕಿ ಯಾಕ ಹೇಳ್ತಾಳ? ಮೊದ್ಲಿನ ವಾರನ ಗೊತ್ತಾತು. ಎರಡು ಮನಿ ಟಿವಿ ಇದ್ದಾಗ ಫೋನಿನ್ಯಾಗ ಎರಡೆರಡು ಸಪ್ಪಳ ಬರ್ತಿತ್ತಲ್ಲ, ಅಂವ ಒಂದು ಮೊಳಿ ಬಡದ್ರ ನನಗ ಎರಡು ಕೇಳ್ತಿದ್ವು. ಒಮ್ಮಿಂದೊಮ್ಮೆ ಒಂದ ಆತು. ನಾ ಏನ ಕಿವುಡಿ ಏನ?"

ಹಮೀದಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಹಂಗಂತ ಫೋನ್ ಟಿವಿ ಮುಂದ ಸ್ಟೂಲ್ ಹಾಕಿ ಇಡಾಕ ಹತ್ತಿದೆ, ನಿನಗ ಚೊಲೋ ಕೇಳ್ಸ್ಲಿ ಅಂತ. ನೀ ಬ್ಯಾರೆ 'ಹಲಗಿ ಭಾಳ ಚೊಲೋ ಐತಿ ಅಕ್ಕ' ಅಂತಿದ್ದಿ. ಕಳ್ಳಿ! ಒಂದಿನ ನೀ ಹಂಗಂದಾಗ ಅಂವ ಕುಂತು ಬ್ರೆಡ್ ತಿನ್ನಾಕತ್ತಿದ್ದ."

ಹಮೀದಾಳಿಗೆ ನಗು ಬಂತು; ಬಂದಷ್ಟೇ ಬೇಗ ಹೋಯಿತು. "ಮತ್ತೆ ಯಾಕೆ ಎತ್ಲಿಲ್ಲ ಅಕ್ಕ, ವಾರ ಪೂರ್ತಿ? ನನ್ ಮೇಲೆ ಸಿಟ್ಟು ಬಂತಾ?"

"ಸಿಟ್ಟೇನ ಬರ್ತೈತಿ. ಅವತ್ತು ಹೇಳಬೇಕಂತ ಬಾಯಿ ತನಾ ಬಂದಿತ್ತು, ಹಮೀದಾ, ಅಂವ ಹೋದ, ಶೆಡ್ ಬರಿದಾಗೇತಿ ಅಂತ. ಹೇಳಿದ್ರ ನಿನ್ನ ಗುಟ್ಟು ಬೈಲಾಗ್ತಿತ್ತು. ಅದಕ್ಕ ಇಟ್ಟೆ. ಆಮ್ಯಾಲೆ ಹೆದ್ರಿಕಿ ಬಂತು. ಎತ್ತಿದ್ರ ನೀ ಖರೆ ಹೇಳ್ತಿದ್ದಿ. ಶೋನೂ ಇಲ್ಲ, ಸುಳ್ಳೂ ಇಲ್ಲ ಅಂದ್ ಮ್ಯಾಲೆ ನಾವಿಬ್ಬರೂ ಗುರುವಾರ ಏನ ಮಾಡೂದು?"

ಒಂದು ವರ್ಷದಲ್ಲಿ ಅವಳು ಆಡಿದ ಅತಿ ಉದ್ದದ ಮಾತು ಅದು. ಅದು ಮುಗಿದರೆ ಮತ್ತೆ ಹೂಂಗೆ ಇಳಿಯುತ್ತದೆಂದು ಹಮೀದಾ ಹೆದರಿದಳು. ದಾರಿ ಹುಡುಕಿದಳು. ದಾರಿ ಎದುರಿಗೇ ಇತ್ತು.

"ಅಕ್ಕ, ನಾನು ಆ ಕೊನೇದು ನೋಡಿಲ್ಲ. ಏನೇನ್ ತೋರಿಸಿದ್ರು? ನೀವೇ ಹೇಳ್ಬೇಕು."

"ಏನೈತಿ ಹೇಳಾಕ. ಖಾಲಿ ಶೆಡ್."

"ಖಾಲಿ ಅಂದ್ರೆ? ಬಾಗಿಲಿಂದ ಹೇಳಿ."

ಸ್ವರೂಪ ಬಾಗಿಲಿನಿಂದಲೇ ಶುರು ಮಾಡಿದಳು. ಕದ ತೆರೆದೇ ಇತ್ತು. ಅಂವ ಕೂಡುವ ಮೂರು ಕಾಲಿನ ಮಣೆ. ಅದರ ಮೇಲೆ ಕನ್ನಡಕ, ಕಾಲು ಮಡಚದೆ ಹಾಗೇ ಇಟ್ಟಿದ್ದು, ಈಗ ಬಂದೆ ಎಂಬಂತೆ. ನೆಲದ ಮೇಲೆ ಮರದ ಸಿಪ್ಪೆ, ಯಾರೂ ಗುಡಿಸಿರಲಿಲ್ಲ. ಅರ್ಧ ದೋಣಿ. "ಕ್ಯಾಮೆರಾ ಅದರ ಸುತ್ತ ಒಂದ ಸುತ್ತು ಬಂತವಾ. ಮುಗಿಸಾಕ ಯಾರನ್ನೂ ಕರಿಸಿದ್ದಿಲ್ಲ. ಅದು ನನಗ ಚೊಲೋ ಅನ್ನಿಸ್ತು."

"ಹೂಂ," ಎಂದಳು ಹಮೀದಾ.

"ನಾ ನಮ್ಮ ಗ್ಯಾರೇಜಿಗೆ ಹೋಗೇ ಇಲ್ಲ, ಹಮೀದಾ. ಇವ್ರು ಹೋದ ಮ್ಯಾಲೆ. ದಿಯಾ ಬಂದು ಕ್ಲೀನ್ ಮಾಡ್ತೀನಿ ಅಂತಾಳ, ಬ್ಯಾಡ ಅಂದೇನಿ. ಕಾರ್ ಹೊರಗ ನಿಂದ್ರಸ್ತೀನಿ, ಸ್ನೋ ಬಿದ್ರೂ."

ಆ ಕಡೆ ಚಪ್ಪಲಿ ಎಳೆಯುವ ಸದ್ದು. ಒಂದು ಚಿಲಕ. ಲೈಟಿನ ಗುಂಡಿ.

"ಏನ್ ಕಾಣತ್ತೆ ಅಕ್ಕ?"

"ಹುಲ್ಲು ಕತ್ರಸೋ ಮಷೀನ್," ಎಂದಳು ಸ್ವರೂಪ. "ಅರ್ಧ ಬಿಚ್ಚಿಟ್ಟಾರ. ಕಾರ್ ಕಂಪನಿ ಇಂಜಿನಿಯರ್ ಅಂತ! ಹತ್ತು ಬೋಲ್ಟ್ ಬಿಚ್ಚಿದ್ರ ಒಂಬತ್ತ ಕೂಡಸ್ತಿದ್ರು. ಉಳದ್ದೆಲ್ಲಾ ಇಲ್ಲೇ ಡಬ್ಯಾಗ ಅದಾವ ನೋಡು. ಯವ್ವಾ, ಡಬ್ಬಿ ತುಂಬ್ಯಾವ, ಹಮೀದಾ, ಎಷ್ಟ್ ಮಷೀನ್ ಹಾಳ್ ಮಾಡ್ಯಾರೋ ಏನೋ..."

ಅವಳು ನಗುತ್ತಿದ್ದಳು. ನಗು ಒಡೆದು ಅಳುವಾಯಿತು. ಗಂಡ ಹೋದ ಮೇಲೆ ಅವಳು ಮೊದಲ ಸಲ ಅತ್ತಿದ್ದು ಹೀಗೆ, ಗ್ಯಾರೇಜಿನ ಬೆಳಕಿನಲ್ಲಿ, ಬೋಲ್ಟಿನ ಡಬ್ಬಿ ಹಿಡಿದು. ವಾಹಿದ್ ಊಟಕ್ಕೆ ಕರೆಯಲು ಬಂದವನು ಬಾಗಿಲಲ್ಲೇ ನಿಂತ. ಹಮೀದಾ ಕಣ್ಣೊರೆಸಿಕೊಳ್ಳುತ್ತ ಕೈಸನ್ನೆಯಲ್ಲೇ ನೀವು ಉಣ್ಣಿ ಎಂದಳು.

ಆ ಕಡೆ ಅಳು ನಿಧಾನವಾಗಿ ಇಳಿಯಿತು. ಮೂಗು ಒರೆಸಿಕೊಂಡ ಸದ್ದು ಬಂತು.

"ಕೇಳಾಕತ್ತೀಯೇನು?"

"ಕೇಳ್ತಿದೀನಿ ಅಕ್ಕ."

"ಮ್ಯಾಲಿನ ಹಲಗಿ ಮ್ಯಾಲೆ ಇನ್ನೂ ಏನೇನೋ ಅದಾವ," ಎಂದಳು ಸ್ವರೂಪ. "ತಡಿ, ಸ್ಟೂಲ್ ತರ್ತೀನಿ."