ಬಾಲ್ಬಿನಾ ಹಾಕಿದ ಉದ್ದ ಸೂಜಿ

ಬೆಳಕು ಹರಿಯುವುದೇ ತಡ, ಬಾಲ್ಬಿನಾಳ ಬೇಲಿಯಾಚೆ ಯಾರಾದರೊಬ್ಬರು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಇತಾಗ್ವಾ ಊರಿನಲ್ಲಿ ಮನೆಯವರನ್ನು ಕರೆಯುವುದೇ ಹಾಗೆ. ಒಬ್ಬರಿಗೆ ಸೊಂಟನೋವಿನ ಇಂಜೆಕ್ಷನ್, ಇನ್ನೊಬ್ಬರ ಮಗುವಿಗೆ ಜ್ವರದ್ದು, ಮತ್ತೊಬ್ಬರ ಅಂಗಾಲಲ್ಲಿ ತಾಳೆಮುಳ್ಳು. ಮುಳ್ಳು ತೆಗೆಯಲು ಹೊಲಿಗೆ ಸೂಜಿಯನ್ನು ಬೆಂಕಿಗೆ ಹಿಡಿದು ಕೆಂಪಗೆ ಕಾಯಿಸಬೇಕು. ಮರಗೆಣಸಿನ ಚೀಲದ ಬಾಯಿ ಹೊಲಿಯಲು ದಬ್ಬಣ ಬೇಕಾದರೂ ಜನ ಅವಳಲ್ಲಿಗೇ ಬರುತ್ತಿದ್ದರು. ಸೂಜಿ ಅಂದರೆ ಬಾಲ್ಬಿನಾ, ಬಾಲ್ಬಿನಾ ಅಂದರೆ ಸೂಜಿ ಎಂದಾಗಿಬಿಟ್ಟಿತ್ತು. ಇಷ್ಟೆಲ್ಲ ಮುಗಿದ ಮೇಲೆ ಅವಳ ಹೊಟ್ಟೆಪಾಡಿನ ಕೆಲಸ: ಚೌಕಟ್ಟಿಗೆ ಬಿಗಿದ ಬಟ್ಟೆಯ ಮೇಲೆ ಸಣ್ಣ ಸೂಜಿಯಲ್ಲಿ ಜೇಡರಬಲೆಯಂಥ ಕಸೂತಿ ಎತ್ತುವುದು.

ವಯಸ್ಸು ಎಪ್ಪತ್ತೊಂದು. ಕಣ್ಣು ಮಂಜು, ಬೆರಳ ಗಂಟುಗಳು ಊದಿಕೊಂಡಿದ್ದವು. "ಸಾಕಪ್ಪಾ, ಇನ್ನು ಬೇರೆ ಯಾರನ್ನಾದರೂ ನೋಡ್ಕೊಳ್ಳಿ" ಎಂಬ ಮಾತು ದಿನಾ ನಾಲಿಗೆಯ ತುದಿಗೆ ಬರುತ್ತಿತ್ತು, ದಿನಾ ಅದನ್ನು ನುಂಗಿಕೊಳ್ಳುತ್ತಿದ್ದಳು. ಅಳುವ ಕೂಸನ್ನು ಸೊಂಟದಲ್ಲಿ ಇಟ್ಟುಕೊಂಡು ನಿಂತ ತಾಯಿಗೆ ಹೋಗಮ್ಮಾ ಅನ್ನಲು ಯಾವ ಬಾಯಿ ಬರುತ್ತದೆ, ಹೇಳಿ?

ಪಕ್ಕದ ಮನೆ ನಾದಿನಿ ಕಸಿಲ್ದಾಳದು. ಬಾಲ್ಬಿನಾಳ ಗಂಡ ತೀರಿಕೊಂಡು ಇಪ್ಪತ್ತು ವರ್ಷವಾದರೂ ಅವನ ಈ ತಂಗಿ ಅತ್ತಿಗೆಯನ್ನು ಬಿಟ್ಟಿರಲಿಲ್ಲ. ಬೆಳಿಗ್ಗೆ ಎದ್ದರೆ ಇಬ್ಬರೂ ಮಾವಿನ ಮರದ ಕೆಳಗೆ ಕೂತು ಒಂದೇ ಸೋರೆಬುರುಡೆಯಿಂದ ಬಿಸಿ ಮಾಟೆ ಎಲೆಯ ಕಷಾಯ ಹೀರುವವರು. ಕಸಿಲ್ದಾಳಿಗೆ ಸಕ್ಕರೆ ಕಾಯಿಲೆ. ಮಾತ್ರೆಗೆ ಬಗ್ಗದೆ ಹೋದಾಗ ಆರೋಗ್ಯ ಕೇಂದ್ರದ ನರ್ಸ್ ನಿಲ್ಸಾ ಇನ್ಸುಲಿನ್ ಸೀಸೆ, ಸಿರಿಂಜು, ಉಗುರಿನಷ್ಟುದ್ದದ ಸೂಜಿಗಳನ್ನು ಕೊಟ್ಟು, ಹೊಟ್ಟೆಯ ಚರ್ಮ ಚಿವುಟಿ ಹಿಡಿದು ಹೇಗೆ ಹಾಕಬೇಕೆಂದು ಇಬ್ಬರಿಗೂ ತೋರಿಸಿದ್ದಳು. ಹಾಕಿದ ಕೂಡಲೇ ತಿಂಡಿ ತಿನ್ನಬೇಕು ಅಂತಲೂ ಹೇಳಿದ್ದಳು.

ಎರಡು ದಿನ ಹಾಗೇ ನಡೆಯಿತು. ಮೂರನೆಯ ದಿನ ಕಸಿಲ್ದಾ ಮೂತಿ ತಿರುವಿದಳು.

"ಏನತ್ತಿಗೇ ಇದು? ಸೊಳ್ಳೆ ಕಚ್ಚಿದಷ್ಟೂ ಗೊತ್ತಾಗಲ್ಲ. ಇದರಲ್ಲಿ ಔಷಧಿ ಒಳಗೆ ಹೋಗತ್ತೆ ಅಂತೀಯಾ?"

"ನರ್ಸಮ್ಮ ಇದೇ ಅಂದಿದ್ದಾಳೆ ಕಣೆ. ರವಿಕೆ ಎತ್ತು."

"ಆ ಹುಡುಗಿ ಹುಟ್ಟಿದ್ದು ಮೊನ್ನೆ. ಅವಳಮ್ಮ ಬಸುರೀಲಿ ಇಂಜೆಕ್ಷನ್ ತಗೊಂಡಿದ್ದು ನಿನ್ನ ಕೈಲೇ. ನಿಂದು ಉದ್ದದ್ದು ಇದೆಯಲ್ಲ, ಅದನ್ನ ಸೊಂಟಕ್ಕೆ ಒಂದು ಕೊಡು, ಕಾಯಿಲೆ ಓಡಿಹೋಗಲಿ."

"ಬೇಡ ಕಣೆ."

"ಯಾಕೆ, ಕೈ ನಡುಗತ್ತಾ? ಮುದುಕಿಯಾದೆ ಅಂತ ಒಪ್ಕೊಂಡುಬಿಡು ಹಾಗಾದ್ರೆ."

ಆ ಬೀದಿಯಲ್ಲಿ ನೋಯಿಸದ ಸೂಜಿಗೆ ಕಿಮ್ಮತ್ತಿಲ್ಲ. ಬಾಲ್ಬಿನಾಳ ಹೆಸರು ನಿಂತದ್ದೇ ಅದರ ಮೇಲೆ: ಅವಳ ಕೈಯಲ್ಲಿ ಒಂದು ಹಾಕಿಸಿಕೊಂಡರೆ ಎರಡು ದಿನ ಕುಂಟಬೇಕು, ಆದರೆ ಜ್ವರ ನಾಪತ್ತೆ. ನಿಜ ಹೇಳಬೇಕೆಂದರೆ ಆ ಪುಟಾಣಿ ಸೂಜಿಯ ಮೇಲೆ ಅವಳಿಗೂ ನಂಬಿಕೆ ಇರಲಿಲ್ಲ. ಜತೆಗೆ ಆಗಲೇ ದಣಿವು. ವಾದ ಮಾಡುವುದಕ್ಕಿಂತ ಹಾಕಿ ಕಳಿಸುವುದು ಸಲೀಸು. ಸಿರಿಂಜಿನ ತುದಿಯಿಂದ ಚಿಕ್ಕ ಸೂಜಿ ಕಳಚಿ, ಉದ್ದದ್ದನ್ನು ಸಿಕ್ಕಿಸಿ, ಸೊಂಟದ ಮಾಂಸಕ್ಕೆ ಪೂರ್ತಿ ಇಳಿಸಿದಳು.

"ಅಯ್ಯಪ್ಪಾ! ಹಾಂ, ಇದು ಸೂಜಿ ಅಂದ್ರೆ!" ಕಸಿಲ್ದಾ ಸೊಂಟ ಉಜ್ಜಿಕೊಂಡು ನಕ್ಕಳು.

"ತಿಂಡಿ ತಿನ್ನು ಹೋಗು."

"ಅಂಗಳ ಗುಡಿಸಿಬಿಟ್ಟು ತಿಂತೀನಿ."

ಅರ್ಧ ಗಂಟೆ ಕಳೆದಿರಬಹುದು. ಪೊರಕೆಯ ಸದ್ದು ನಿಂತದ್ದು ಬಾಲ್ಬಿನಾಳ ಗಮನಕ್ಕೆ ಬಂತು. ಕಸೂತಿಯಿಂದ ತಲೆಯೆತ್ತಿದರೆ, ಪಕ್ಕದ ಅಂಗಳದಲ್ಲಿ ಕಸಿಲ್ದಾ ಒಟ್ಟಿದ ಎಲೆಗಳ ನಡುವೆ ಕೂತಿದ್ದಾಳೆ. ಮೈಯೆಲ್ಲ ಬೆವರು, ತಣ್ಣಗೆ. "ಅಣ್ಣ ಬಂದ್ನಾ? ಬಾಗಿಲು ತೆಗಿ" ಅಂತ ಸತ್ತ ಅಣ್ಣನನ್ನು ಕರೆಯುತ್ತಿದ್ದಾಳೆ. ಬಾಲ್ಬಿನಾ ಚೌಕಟ್ಟನ್ನು ಬದಿಗೆಸೆದು ಎದ್ದಳು.

"ಅಯ್ಯೋ ದೇವರೇ, ನಾನೇ ಕೊಂದೆನಲ್ಲೋ ಇವಳನ್ನ!"

ಮಂಡಿನೋವು ಮರೆತು ಒಳಗೋಡಿ ಜೋನಿಬೆಲ್ಲದ ಡಬ್ಬಿ ತಂದಳು. ಬೆರಳಲ್ಲಿ ಬಾಚಿ ಕಸಿಲ್ದಾಳ ಒಸಡಿಗೆ ಸವರಿದಳು. "ನುಂಗೇ, ನಿನ್ನ ದಮ್ಮಯ್ಯ ಅಂತೀನಿ, ನುಂಗು." ಬೀದಿಯವರು ಸೇರಿದರು, ಒಬ್ಬರು ನಿಲ್ಸಾಳನ್ನು ಕರೆತರಲು ಮೋಟಾರ್ ಸೈಕಲ್ ಹತ್ತಿದರು. ಬೆಲ್ಲ ಗಂಟಲಿಗಿಳಿದು ಸ್ವಲ್ಪ ಹೊತ್ತಿಗೆ ಕಸಿಲ್ದಾ ಕಣ್ಣು ನೆಟ್ಟಗೆ ಮಾಡಿ, "ಇಷ್ಟೊಂದು ಜನ ಯಾಕೆ?" ಎಂದಳು. ಬಾಲ್ಬಿನಾ ಬೆರಳಿಗಂಟಿದ ಬೆಲ್ಲವನ್ನೂ ಅವಳ ಬಾಯಿಗೇ ಒರೆಸಿದಳು.

ನಿಲ್ಸಾ ಬಂದು ಬೆರಳು ಚುಚ್ಚಿ ರಕ್ತ ನೋಡಿದಳು. "ಇಷ್ಟು ಬೇಗ ಸಕ್ಕರೆ ಹೇಗೆ ಇಳೀತು?"

"ನಿಮ್ಮ ಔಷಧಿಯೇ ಕೆಟ್ಟಿರಬೇಕು. ಬಾಲ್ಬಿನಕ್ಕನ ಕೈ ಯಾವತ್ತೂ ತಪ್ಪಿಲ್ಲ" ಎಂದಳು ಎದುರುಮನೆಯವಳು. ಹೌದು ಹೌದು ಎಂದಿತು ಬೀದಿ. ಬಾಲ್ಬಿನಾ ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಸುಮ್ಮನಿರಲೂ ನೋಡಿದಳು. ಆಗಲಿಲ್ಲ.

"ಔಷಧಿ ಸರಿಯಾಗೇ ಇದೆ. ಉದ್ದ ಸೂಜಿ ಹಾಕಿ ಸೊಂಟಕ್ಕೆ ಕೊಟ್ಟೆ. ತಪ್ಪು ನಂದು."

"ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ್ರಲ್ಲ ಅಜ್ಜೀ!" ನಿಲ್ಸಾಳಿಗೆ ಸಿಟ್ಟೂ ಬಂತು, ಅಳುವೂ ಬಂತು. "ಇದು ಚರ್ಮದ ಕೆಳಗೆ ನಿಂತು ನಿಧಾನಕ್ಕೆ ಇಳೀಬೇಕು. ಮಾಂಸಕ್ಕೆ ಕೊಟ್ರೆ ಒಂದೇ ಸಲ ಏರಿಬಿಡತ್ತೆ. ಅದರ ಮೇಲೆ ಖಾಲಿ ಹೊಟ್ಟೇಲಿ ಅಂಗಳ ಬೇರೆ ಗುಡಿಸಿದ್ದಾರೆ."

ಜನ ಒಬ್ಬೊಬ್ಬರಾಗಿ ಕರಗಿದರು.

ಮರುದಿನ ಬೆಳಿಗ್ಗೆ ಯಾರೂ ಬರಲಿಲ್ಲ. ಕಸಿಲ್ದಾ ಮಾತ್ರ ಸೀಸೆ, ಸಿರಿಂಜು, ಚಿಕ್ಕ ಸೂಜಿ ಹಿಡಿದು ಬಂದು ಎದುರಿಗೆ ಕೂತಳು.

"ಹಾಕು ಅತ್ತಿಗೆ. ಇವತ್ತು ಬಾಯಿ ಮುಚ್ಕೊಂಡಿರ್ತೀನಿ."

ಬಾಲ್ಬಿನಾ ಕೈ ಚಾಚಲಿಲ್ಲ. "ನನ್ನ ಕೈಲಾಗಲ್ಲ ಕಣೆ. ಸಾಕಾಗಿದೆ."

"ನಿನ್ನೆದು ಬಿಡು. ನಾನೇ ಕಾಡಿಸಿದ್ದು."

"ನಿನ್ನೆ ಮಾತಲ್ಲ. ಹತ್ತು ವರ್ಷದಿಂದ ಸಾಕಾಗಿದೆ. ಎದ್ದರೆ ಸೂಜಿ, ಕೂತರೆ ಸೂಜಿ. ದಣಿದುಹೋಗಿದೀನಿ ಕಸಿಲ್ದಾ."

"ಹತ್ತು ವರ್ಷ? ನನಗೂ ಹೇಳಲಿಲ್ವಲ್ಲೇ!"

ಕಸಿಲ್ದಾ ತಾನೇ ಸಿರಿಂಜಿಗೆ ಔಷಧಿ ಎಳೆದುಕೊಂಡು, ಬಾಲ್ಬಿನಾಳಿಗೆ ತೋರಿಸಿ ಅಳತೆಯ ಗೆರೆ ಖಾತ್ರಿ ಮಾಡಿಕೊಂಡಳು. ಹೊಟ್ಟೆ ಚಿವುಟಿ ಹಿಡಿದು, ಕಣ್ಣು ಮುಚ್ಚಿ, ಚುಚ್ಚಿಕೊಂಡಳು. ಕಣ್ಣು ಬಿಟ್ಟಳು.

"ಇಷ್ಟೇನಾ? ಇಷ್ಟಕ್ಕಾ ನಾವೆಲ್ಲ ಸೇರಿ ನಿನ್ನ ಪ್ರಾಣ ತಿಂದಿದ್ದು?"

"ಇಷ್ಟೇ ಕಣೆ" ಎಂದಳು ಬಾಲ್ಬಿನಾ. ಜೀವ ಹಗುರಾಯಿತು. ನಲವತ್ತು ವರ್ಷದ ಕಸುಬು ಇಷ್ಟೇ ಅನಿಸಿಕೊಂಡಿತಲ್ಲ ಎಂದು ಸಂಕಟವೂ ಆಯಿತು. ಬೇಯಿಸಿದ ಮರಗೆಣಸಿನ ತಟ್ಟೆಯನ್ನು ನಾದಿನಿಯ ಮುಂದೆ ತಳ್ಳಿ, "ಮೊದಲು ತಿನ್ನು" ಎಂದಳು. ಕೊನೆಯ ತುಂಡು ಮುಗಿಯುವವರೆಗೂ ಕದಲದೆ ಕೂತಿದ್ದು, ಆಮೇಲೆ ಒಳಗೆ ಹೋಗಿ, ಬಿಸಿಲು ಕಿಟಕಿಗೆ ಬಂದಿದ್ದರೂ ಲೆಕ್ಕಿಸದೆ ಮಲಗಿ ನಿದ್ದೆಹೋದಳು.